ಗಾಳಿ ಹೋದ ದಿನ ಗಾಡಿ ಎಲ್ಲಿ ಕೂರುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಪಿಕಪ್ ಗಾಡಿಯ ಎತ್ತರ ತಗ್ಗಿಸುವ ಬಗ್ಗೆ ಅಮೆರಿಕದಲ್ಲಿರುವ ನಮ್ಮ ಹುಡುಗರು ಆಗಾಗ ಕೇಳುತ್ತಲೇ ಇರುತ್ತಾರೆ. ಒಂದು ಸಲ ಬಿಡಿಸಿ ಹೇಳಿಬಿಡೋಣ ಅನ್ನಿಸಿತು.

ಪ್ರಶ್ನೆ: ಸರ್, ನಮ್ಮೂರು ಅರಸೀಕೆರೆ, ಈಗ ಇರೋದು ಟೆಕ್ಸಾಸ್‌ನ ಪ್ಲೇನೋದಲ್ಲಿ. 1998ರ ಷೆವ್ರೊಲೆ ಎಸ್-10 ಪಿಕಪ್ ತಗೊಂಡಿದ್ದೇನೆ. ಸಿಂಗಲ್ ಕ್ಯಾಬ್, ಚಿಕ್ಕ ಬೆಡ್ (ಸಾಮಾನು ತುಂಬುವ ಹಿಂಭಾಗ), ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್. ಸ್ಪ್ರಿಂಗ್ ಬದಲು ಏರ್ ಬ್ಯಾಗ್ (ಗಾಡಿಯ ಭಾರ ಹೊರುವ, ಗಾಳಿ ತುಂಬಿದ ರಬ್ಬರ್ ಚೀಲ) ಹಾಕಿ, ಗಾಳಿ ಬಿಟ್ಟಾಗ ಫ್ರೇಮ್ ನೆಲಕ್ಕೆ ತಾಗುವ ಹಾಗೆ ಮಾಡಬೇಕು ಅಂತ ಆಸೆ. ಟೈರು 225/35 ಆರ್ 20. ಬಾಕ್ಸ್ ಪೈಪಿನಲ್ಲಿ ಪೂರ್ತಿ ಹೊಸ ಫ್ರೇಮ್ ಕಟ್ಟಲಾ? ಮನೆಯಲ್ಲಿ ಎರಡು ಕಾರು ನಿಲ್ಲುವ ಗ್ಯಾರೇಜ್ ಇದೆ, 140 ಆಂಪಿಯರ್‌ನ ಮಿಗ್ ವೆಲ್ಡಿಂಗ್ ಮಷಿನ್ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪೂರ್ತಿ ಫ್ರೇಮ್ ಬೇಡಪ್ಪ. ಹಿಂದಿನ ಅರ್ಧ ಮಾತ್ರ ಕಟ್ಟಿ. ಎಸ್-10ರ ಮುಂದಿನ ಭಾಗದಲ್ಲಿ ಎಂಜಿನ್ ಮೌಂಟ್, ಸ್ಟೀರಿಂಗ್ ಬಾಕ್ಸ್, ಮೇಲಿನ-ಕೆಳಗಿನ ಆರ್ಮ್‌ಗಳ ಪಾಯಿಂಟ್ ಎಲ್ಲವೂ ಕಾರ್ಖಾನೆಯಲ್ಲೇ ಲೆಕ್ಕ ಹಾಕಿ ಕೂರಿಸಿದ್ದು. ಅಲ್ಲಿ ಕೆಲವೇ ಮಿಲಿಮೀಟರ್ ಆಚೀಚೆಯಾದರೂ ಗುಂಡಿ ಸಿಕ್ಕಾಗಲೆಲ್ಲ ಸ್ಟೀರಿಂಗ್ ತಾನಾಗಿಯೇ ಎಳೆಯುತ್ತದೆ. ಮುಂದೆ ಎರಡು ಇಂಚಿನ ಡ್ರಾಪ್ ಸ್ಪಿಂಡಲ್ (ಚಕ್ರ ಕೂರುವ ಜಾಗವನ್ನು ಮೇಲೆ ಮಾಡಿ ಗಾಡಿ ತಗ್ಗಿಸುವ ಭಾಗ) ಹಾಕಿ, ಕಾಯಿಲ್ ಸ್ಪ್ರಿಂಗ್ ಜಾಗಕ್ಕೆ ಬ್ಯಾಗ್ ಕೂರಿಸಿ. ನಿಮ್ಮ ಕೈಚಳಕ ತೋರಿಸೋಕೆ ಹಿಂದೆ ಬೇಕಾದಷ್ಟು ಕೆಲಸ ಇದೆ.

ಪೈಪು ಕತ್ತರಿಸುವ ಮುಂಚೆ ಒಂದು ಕೆಲಸ ಮಾಡಿ. ಗಾಳಿ ಪೂರ್ತಿ ಹೋದ ದಿನ ಗಾಡಿ ಎಲ್ಲಿ ಕೂರಬೇಕು ಅನ್ನೋದನ್ನು ಕಾಗದದ ಮೇಲೆ ಬರೆಯಿರಿ. ಜನ ಗಾಡಿ ಓಡುವ ಎತ್ತರದಿಂದ ಅಳತೆ ಶುರು ಮಾಡುತ್ತಾರೆ. ನಾನು ಅದನ್ನು ಒಪ್ಪೋದಿಲ್ಲ. ಬ್ಯಾಗು ರಬ್ಬರಿನದು. ಎಲ್ಲೋ ಉಜ್ಜಿ, ಎಲ್ಲೋ ಸೈಲೆನ್ಸರ್ ಬಿಸಿ ತಾಗಿ ಒಂದು ದಿನ ಒಡೆಯಬಹುದು. ಆ ದಿನ ನೀವು ಹೈವೇ ಮೇಲೆ ಗಂಟೆಗೆ 65 ಮೈಲಿ ವೇಗದಲ್ಲಿ ಇರಬಹುದು, ಪಕ್ಕದಲ್ಲಿ ಹೆಂಡತಿ ಕೂತಿರಬಹುದು. ಫ್ರೇಮ್ ರಸ್ತೆಗೆ ಕೂತರೆ ಗಾಡಿಯ ಭಾರ ಟೈರಿನ ಮೇಲಿಂದ ಕಬ್ಬಿಣದ ಮೇಲೆ ಬರುತ್ತದೆ. ಆಮೇಲೆ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ.

ಅದಕ್ಕೇ ನನ್ನ ಸಲಹೆ ಇದು. ಆಕ್ಸಲ್ ಮೇಲೆ ಬರುವ ಬಂಪ್ ಸ್ಟಾಪ್ (ಆಕ್ಸಲ್ಲು ತೀರಾ ಮೇಲೆ ಬರದ ಹಾಗೆ ತಡೆಯುವ ತುಂಡು) ಕೆಳಗೆ 50 ಮಿ.ಮೀ. ದಪ್ಪದ ತುಂಡನ್ನು ಬೋಲ್ಟ್ ಹಾಕಿ ಕೂರಿಸಿ. ರಸ್ತೆಯಲ್ಲಿ ಓಡಿಸುವಾಗ ಅದು ಅಲ್ಲೇ ಇರಲಿ. ಬ್ಯಾಗು ಒಡೆದರೂ ಫ್ರೇಮ್ ನೆಲದಿಂದ 50 ಮಿ.ಮೀ. ಮೇಲೆಯೇ ನಿಲ್ಲುತ್ತದೆ, ಚಕ್ರ ತಿರುಗುತ್ತದೆ, ನೀವು ಪಕ್ಕಕ್ಕೆ ತಂದು ನಿಲ್ಲಿಸಬಹುದು. ಗಾಡಿಗಳ ಶೋಗೆ ಹೋದಾಗ ಬೋಲ್ಟ್ ಬಿಚ್ಚಿ, ತುಂಡು ತೆಗೆದು ನೆಲಕ್ಕೆ ಕೂರಿಸಿ. ಮುಂದಿನ ಚಕ್ರಗಳ ಕಡೆಯೂ ಹೀಗೇ ಮಾಡಿ. ಆಸೆಯೂ ಈಡೇರುತ್ತದೆ, ಜೀವಕ್ಕೂ ಭಯ ಇಲ್ಲ.

ಈಗ ಲೆಕ್ಕ. ನಿಮ್ಮ ಟೈರಿನ ಹೊರ ವ್ಯಾಸ ಸುಮಾರು 666 ಮಿ.ಮೀ. ಅಂದ್ರೆ ಆಕ್ಸಲ್ ನಡುಬಿಂದು ನೆಲದಿಂದ 333 ಮಿ.ಮೀ. ಭಾರ ಬಿದ್ದಾಗ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ಬಿಡಿ. ಆಕ್ಸಲ್ ಪೈಪು ಮೂರು ಇಂಚಿನದು ಅಂತ ಇಟ್ಟುಕೊಳ್ಳಿ, ಅದರ ಅರ್ಧ 38. ಒಟ್ಟು 371. ಮೇಲೆ ಒಂದು ಇಂಚಿಗೂ ಸ್ವಲ್ಪ ಜಾಸ್ತಿ ಜಾಗ ಬಿಟ್ಟರೆ 400 ಆಯಿತು. ಫ್ರೇಮಿನ ತಳ ನೆಲಕ್ಕೆ ತಾಗಬೇಕಾದರೆ, ಆಕ್ಸಲ್ ಮೇಲೆ ಹಾಯುವ ಕಮಾನಿನ ಒಳ ಅಂಚು ಫ್ರೇಮಿನ ತಳದಿಂದ 400 ಮಿ.ಮೀ. ಎತ್ತರದಲ್ಲಿ ಇರಬೇಕು. ಫ್ರೇಮಿನ ಪೈಪಿನ ಎತ್ತರ ನಾಲ್ಕು ಇಂಚು ಅಂತ ಇಟ್ಟುಕೊಳ್ಳಿ, ಅಂದ್ರೆ ಸುಮಾರು 100. ಹಾಗಾಗಿ ಕಮಾನು ಪೈಪಿನ ಮೇಲ್ಮೈಗಿಂತ 300 ಮಿ.ಮೀ. ಮೇಲೆ ಹೋಗುತ್ತದೆ. ಬೆಡ್ಡಿನ ತಗಡು ಕತ್ತರಿಸಲೇಬೇಕು. ಈ ಗಾಡಿಯಲ್ಲಿ ಇನ್ನು ಮುಂದೆ ಮನೆ ಸಾಮಾನು ಸಾಗಿಸೋಕೆ ಆಗಲ್ಲ ಅನ್ನೋದನ್ನು ಈಗಲೇ ಮನೆಯವರಿಗೆ ಹೇಳಿಬಿಡಿ.

ಇನ್ನೊಂದು ಅಳತೆ ರಿಮ್ಮಿನದು. 20 ಇಂಚಿನ ರಿಮ್ಮಿನ ಕೆಳ ಅಂಚು ನೆಲದಿಂದ ಸುಮಾರು 60 ಮಿ.ಮೀ. ಮೇಲಿರುತ್ತದೆ. ಟೈರು ಪಂಕ್ಚರ್ ಆದರೆ ಗಾಡಿ ಅಷ್ಟು ಕೆಳಗೆ ಬರುತ್ತದೆ. ಓಡಿಸುವ ಎತ್ತರದಲ್ಲಿ ಫ್ರೇಮು, ಲಿಂಕು (ಆಕ್ಸಲ್ಲನ್ನು ಫ್ರೇಮಿಗೆ ಜೋಡಿಸುವ ಸರಳು), ಬೋಲ್ಟಿನ ತಲೆ, ಯಾವುದೂ ಈ ಗೆರೆಗಿಂತ ಕೆಳಗೆ ಇಳಿಯಬಾರದು. ನಾಲ್ಕೂ ರಿಮ್ಮಿನ ತಳಕ್ಕೆ ದಾರ ಕಟ್ಟಿ ನೋಡಿ. ಕಣ್ಣಿಗೇ ಕಾಣುತ್ತದೆ. ಓಡಿಸುವ ಎತ್ತರ 100 ಮಿ.ಮೀ.ಗಿಂತ ಕಡಿಮೆ ಬೇಡ.

ಹಿಂದಿನ ಲೀಫ್ ಸ್ಪ್ರಿಂಗ್ ವಿಷಯ ತುಂಬಾ ಮುಖ್ಯ. ಅದು ಭಾರ ಹೊರುವುದಷ್ಟೇ ಅಲ್ಲ, ಆಕ್ಸಲ್ಲು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಹೋಗದ ಹಾಗೆ ಹಿಡಿದುಕೊಂಡಿರುತ್ತದೆ. ಆಕ್ಸಲೇಟರ್ ಒತ್ತಿದಾಗ ಆಕ್ಸಲ್ಲು ತಿರುಚಿಕೊಳ್ಳದ ಹಾಗೆ ತಡೆಯುವುದೂ ಅದೇ. ಬ್ಯಾಗು ಭಾರ ಮಾತ್ರ ಹೊರುತ್ತದೆ. ಉಳಿದ ಕೆಲಸಕ್ಕೆ ನಾಲ್ಕು ಲಿಂಕ್ ಬೇಕು. ಮೇಲಿನ ಎರಡನ್ನು ಓರೆಯಾಗಿ ಹಾಕಿದರೆ ಅಡ್ಡ ಓಡಾಟವೂ ನಿಲ್ಲುತ್ತದೆ. ನಾಲ್ಕನ್ನೂ ನೇರ ಹಾಕಿದರೆ ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ಲು ಅಡ್ಡ ಸರಿಯದ ಹಾಗೆ ಹಿಡಿಯುವ ಸರಳು) ಬೇಕೇ ಬೇಕು. ಲಿಂಕುಗಳು ಉದ್ದ ಇದ್ದಷ್ಟು ಒಳ್ಳೆಯದು. ಚಿಕ್ಕದಾದರೆ ಆಕ್ಸಲ್ ಮೇಲೆ ಕೆಳಗೆ ಆಡುವಾಗ ಹಿಂದೆ ಮುಂದೆಯೂ ಸರಿಯುತ್ತದೆ.

ಬ್ಯಾಗನ್ನು ನೇರ ಆಕ್ಸಲ್ ಮೇಲೆಯೇ ಇಡಿ. ಲಿಂಕಿನ ಮಧ್ಯದಲ್ಲಿ ಇಡುವವರೂ ಇದ್ದಾರೆ. ಹಾಗಿಟ್ಟರೆ ಗಾಡಿ ಜಾಸ್ತಿ ಎತ್ತರಕ್ಕೆ ಏಳುತ್ತದೆ ನಿಜ, ಆದರೆ ಅದೇ ಭಾರಕ್ಕೆ ಬ್ಯಾಗಿನ ಮೇಲೆ ಎರಡು ಪಟ್ಟು ಬಲ ಬೀಳುತ್ತದೆ. ಲಿಂಕೂ ಮಧ್ಯದಲ್ಲಿ ಬಾಗೋಕೆ ನೋಡುತ್ತದೆ. ಮೊದಲ ಸಲ ಕಟ್ಟುವವರಿಗೆ ಅದು ಬೇಡ.

ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ದಂಡ) ಕೋನವನ್ನು ಓಡಿಸುವ ಎತ್ತರದಲ್ಲೇ ಹೊಂದಿಸಿ. ಗೇರ್‌ಬಾಕ್ಸ್ ಕಡೆಯ ಕ್ರಾಸ್‌ನಲ್ಲಿ (ಶಾಫ್ಟಿನ ತುದಿಯ ಬಾಗುವ ಕೀಲಿನಲ್ಲಿ) ಎಷ್ಟು ಡಿಗ್ರಿ ಇದೆಯೋ ಆಕ್ಸಲ್ ಕಡೆಯ ಕ್ರಾಸ್‌ನಲ್ಲೂ ಅಷ್ಟೇ ಇರಲಿ, ವಿರುದ್ಧ ದಿಕ್ಕಿಗೆ. ಮೂರು ಡಿಗ್ರಿ ಒಳಗಿದ್ದರೆ ಚೆನ್ನ. ಸೊನ್ನೆಯೂ ಬೇಡ. ಕ್ರಾಸ್ ಒಳಗಿನ ಸೂಜಿ ಬೇರಿಂಗ್ ಸ್ವಲ್ಪ ಉರುಳುತ್ತಿರಬೇಕು. ಇಲ್ಲದಿದ್ದರೆ ಒಂದೇ ಜಾಗದಲ್ಲಿ ಸವೆದು ಗುಳಿ ಬೀಳುತ್ತದೆ.

ಈಗ ಗ್ಯಾರೇಜ್. ನಿಮ್ಮ ನೆಲ ಸಮ ಇದೆ ಅಂದುಕೊಳ್ಳಬೇಡಿ. ನೀರು ಹೊರಗೆ ಹರಿಯಲಿ ಅಂತ ಅಲ್ಲಿನ ಗ್ಯಾರೇಜ್ ನೆಲವನ್ನು ಬಾಗಿಲ ಕಡೆಗೆ ಇಳಿಜಾರು ಮಾಡಿರುತ್ತಾರೆ. ಅಡಿಗೆ ಕಾಲು ಇಂಚಿನ ಅರ್ಧ ಅಂತ ಹಿಡಿದರೂ 20 ಅಡಿಗೆ ಎರಡೂವರೆ ಇಂಚು ಆಗುತ್ತದೆ! ಎರಡು ಉದ್ದನೆಯ ಐ-ಬೀಮ್ ತಂದು, ಕೆಳಗೆ ತಗಡಿನ ಚೂರು ಕೊಟ್ಟು ಮಟ್ಟ ಮಾಡಿ. ರಸಮಟ್ಟ ಒಂದನ್ನೇ ನಂಬಬೇಡಿ. ನಮ್ಮ ಗಾರೆ ಮೇಸ್ತ್ರಿಗಳು ಪಾಯ ಹಾಕುವಾಗ ನೀರು ತುಂಬಿದ ಲೆವೆಲ್ ಪೈಪು ಹಿಡಿಯುತ್ತಾರಲ್ಲ, ಅದನ್ನೇ ಹಿಡಿಯಿರಿ. ನಾನು ಹುಬ್ಬಳ್ಳಿಯಲ್ಲಿ ಲಾರಿ ಬಾಡಿ ಕಟ್ಟುತ್ತಾ ಕೆಲಸ ಕಲಿತವನು. ಆಮೇಲೆ ಟೆಕ್ಸಾಸ್‌ನಲ್ಲಿ ಟ್ರೇಲರ್ ಫ್ರೇಮಿಗೆ ವೆಲ್ಡಿಂಗ್ ಮಾಡಿದೆ. ಎರಡೂ ಕಡೆ ನನಗೆ ಆ ಪ್ಲಾಸ್ಟಿಕ್ ಪೈಪಿನಷ್ಟು ನಂಬಿಕೆಯ ಸಾಧನ ಇನ್ನೊಂದು ಸಿಗಲಿಲ್ಲ. ಮುಂದಿನ ಫ್ರೇಮಿನಲ್ಲಿ ಕಾರ್ಖಾನೆಯವರು ಬಿಟ್ಟ ತೂತುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ನಡುಗೆರೆ ಎಳೆಯಿರಿ. ಹಿಂದಿನ ಭಾಗ ಪೂರ್ತಿ ಆ ಗೆರೆಗೆ ಹೊಂದಬೇಕು. ಮೂಲೆಯಿಂದ ಮೂಲೆಗೆ ಎರಡು ಕಡೆ ಅಳೆದಾಗ ವ್ಯತ್ಯಾಸ 3 ಮಿ.ಮೀ. ದಾಟಿದರೆ ಮುಂದಕ್ಕೆ ಹೋಗಬೇಡಿ.

ಹಳೆ ಚಾನೆಲ್ಲಿಗೆ (ಒಂದು ಬದಿ ತೆರೆದ ಹಳೆ ಫ್ರೇಮಿಗೆ) ಹೊಸ ಬಾಕ್ಸ್ ಪೈಪು ಸೇರುವ ಜಾಗವೇ ಇಡೀ ಕೆಲಸದ ಜೀವ. ಒಂದೇ ಅಳತೆಯ, 100×50 ಮಿ.ಮೀ., 3 ಮಿ.ಮೀ. ದಪ್ಪದ ಚಾನೆಲ್ಲನ್ನೂ ಬಾಕ್ಸನ್ನೂ ತಿರುಚಿದರೆ, ಬಾಕ್ಸು ನಾನೂರೈವತ್ತು ಪಟ್ಟಿಗೂ ಜಾಸ್ತಿ ಬಿಗಿಯಾಗಿ ನಿಲ್ಲುತ್ತದೆ. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಇಷ್ಟು ಬಿಗಿ. ತಿರುಚಾಟವೆಲ್ಲ ಆ ಜಾಯಿಂಟಿಗೇ ಬಂದು ಬಡಿಯುತ್ತದೆ. ಬಿರುಕು ಬಿಡೋದೂ ಅಲ್ಲೇ. ಹಾಗಾಗಿ ಎರಡನ್ನೂ ನೇರ ಕತ್ತರಿಸಿ ತಲೆಗೆ ತಲೆ ಅಂಟಿಸಬೇಡಿ. 45 ಡಿಗ್ರಿ ಓರೆಗೆ ಕತ್ತರಿಸಿ. ಹಳೆ ಚಾನೆಲ್ಲಿನ ಬಾಯಿಯನ್ನು ಕ್ಯಾಬಿನ ಕೆಳಗೆ ಒಂದೂವರೆ ಅಡಿಯಷ್ಟು ದೂರ ತಗಡಿನಿಂದ ಮುಚ್ಚಿ. ಆ ತಗಡಿನ ತುದಿಯನ್ನು ಓರೆಯಾಗಿ ಚೂಪು ಮಾಡಿ, ಬಿಗಿತ ನಿಧಾನಕ್ಕೆ ಕಡಿಮೆ ಆಗಲಿ. ಜಾಯಿಂಟಿನ ಹೊರಗೆ ವಜ್ರಾಕಾರದ ಪ್ಲೇಟು ಕೂರಿಸಿ, ನಡುವೆ ತೂತು ಕೊರೆದು ಅದರೊಳಗೂ ವೆಲ್ಡ್ ತುಂಬಿ. ಫ್ರೇಮಿನ ಮೇಲಿನ, ಕೆಳಗಿನ ಅಂಚಿಗೆ ಅಡ್ಡಡ್ಡ ವೆಲ್ಡ್ ಗೆರೆ ಎಳೆಯಬೇಡಿ. ಬಾಗುವ ಬಲ ಜಾಸ್ತಿ ಇರೋದು ಆ ಅಂಚುಗಳಲ್ಲೇ.

ಮಷಿನ್ ಬಗ್ಗೆ. ಒಂದು ಇಂಚಿನ ಸಾವಿರದಲ್ಲಿ ಒಂದು ಭಾಗ ದಪ್ಪಕ್ಕೆ ಒಂದು ಆಂಪಿಯರ್, ಇದು ವೆಲ್ಡರುಗಳ ಹಳೆ ಲೆಕ್ಕ. ಹಿಂದಿನ ಭಾಗಕ್ಕೆ ಸಾಮಾನ್ಯವಾಗಿ ಹಾಕುವ 3/16 ಇಂಚಿನ ಪೈಪಿಗೆ 180ರ ಮೇಲೆ ಬೇಕು. ನಿಮ್ಮ 140ರ ಮಷಿನ್ 3 ಮಿ.ಮೀ.ವರೆಗೆ ಸರಿ. ದಪ್ಪದ ಪೈಪಿನಲ್ಲಿ ಅದು ಮೇಲೆ ಚಂದದ ಬೀಡ್ (ವೆಲ್ಡಿನ ಗೆರೆ) ಕೂರಿಸುತ್ತದೆ, ಒಳಗೆ ಇಳಿಯೋದಿಲ್ಲ. ಇದು ತುಂಬಾ ಅಪಾಯದ ವೆಲ್ಡಿಂಗ್. ನೋಡಿದವರಿಗೆ ಗೊತ್ತೇ ಆಗಲ್ಲ. 240 ವೋಲ್ಟಿನ, 200 ಆಂಪಿಯರ್ ಹತ್ತಿರದ ಮಷಿನ್ ಬಾಡಿಗೆಗೆ ತನ್ನಿ, ಅದಕ್ಕೆ ಬೇಕಾದ ಪಾಯಿಂಟ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ತಂತಿ ಇಆರ್70ಎಸ್-6, ಗ್ಯಾಸು ಶೇ 75 ಆರ್ಗಾನ್, ಶೇ 25 ಕಾರ್ಬನ್ ಡೈಆಕ್ಸೈಡ್. ಫ್ರೇಮಿಗೆ ಕೈ ಹಾಕುವ ಮುಂಚೆ ಅದೇ ಪೈಪಿನ ಚೂರುಗಳನ್ನು ಟಿ ಆಕಾರದಲ್ಲಿ ವೆಲ್ಡ್ ಮಾಡಿ. ಗರಗಸದಿಂದ ಅಡ್ಡ ಕತ್ತರಿಸಿ ಒಳಗೆ ಎಷ್ಟು ಇಳಿದಿದೆ ನೋಡಿ. ಇನ್ನೊಂದು ಚೂರನ್ನು ವೈಸ್‌ಗೆ ಹಾಕಿ ಸುತ್ತಿಗೆಯಲ್ಲಿ ಬಡಿದು ಮಡಚಿ. ಪೈಪು ಬಾಗಬೇಕು, ವೆಲ್ಡು ಬಿಡಬಾರದು.

ಆಮೇಲೆ ಇಡೀ ಹಿಂಭಾಗವನ್ನು ಬರೀ ಟ್ಯಾಕ್ (ಅಲ್ಲಲ್ಲಿ ಚಿಕ್ಕ ವೆಲ್ಡ್ ಚುಕ್ಕೆ) ಹಾಕಿ ನಿಲ್ಲಿಸಿ. ಆಕ್ಸಲ್, ಚಕ್ರ, ಶಾಫ್ಟ್, ಬ್ಯಾಗ್, ಬೆಡ್ಡು ಎಲ್ಲವನ್ನೂ ಕೂರಿಸಿ. ಗಾಡಿಯನ್ನು ಪೂರ್ತಿ ಕೆಳಗಿಳಿಸಿ, ಪೂರ್ತಿ ಮೇಲೆತ್ತಿ, ಒಂದು ಚಕ್ರ ಮಾತ್ರ ಎತ್ತಿ, ಎಲ್ಲಿ ಏನು ತಾಗುತ್ತದೆ ನೋಡಿ. ಬ್ಯಾಗಿನ ಸುತ್ತ ಒಂದು ಇಂಚು ಖಾಲಿ ಜಾಗ ಇರಲೇಬೇಕು. ತಾಳ್ಮೆ ಬೇಕಾದದ್ದು ಇಲ್ಲಿ. ಇದು ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ, ಎಡಕ್ಕೆ ಎರಡು ಇಂಚು, ಬಲಕ್ಕೆ ಎರಡು ಇಂಚು, ಹಿಂದೆ, ಮುಂದೆ ಅಂತ ಜಾಗ ಬದಲಿಸುತ್ತಾ ಪೂರ್ತಿ ವೆಲ್ಡ್ ಮಾಡಿ. ಒಂದೇ ಕಡೆ ಉದ್ದಕ್ಕೆ ಎಳೆದುಕೊಂಡು ಹೋದರೆ ಬಿಸಿಗೆ ಫ್ರೇಮು ಬಾಳೆಹಣ್ಣಿನ ಹಾಗೆ ಬಾಗುತ್ತದೆ.

ಟೆಕ್ಸಾಸ್‌ನಲ್ಲಿ 2025ರ ಜನವರಿ 1ರಿಂದ ಸ್ವಂತ ಬಳಕೆಯ ಗಾಡಿಗಳಿಗೆ ವರ್ಷ ವರ್ಷದ ಸುರಕ್ಷತಾ ತಪಾಸಣೆ ಇಲ್ಲ. ಅಂದ್ರೆ ನಿಮ್ಮ ವೆಲ್ಡಿಂಗನ್ನು ಬೇರೆ ಯಾರೂ ನೋಡೋದಿಲ್ಲ. ದಯವಿಟ್ಟು ದುಡ್ಡು ಕೊಟ್ಟಾದರೂ ಒಬ್ಬ ಸರ್ಟಿಫೈಡ್ ವೆಲ್ಡರ್ ಕೈಲಿ ನೋಡಿಸಿ. ಬಣ್ಣ ಹೊಡೆಯುವ ಮುಂಚೆ ನೋಡಿಸಿ.

ಪ್ರಶ್ನೆ: ಅಣ್ಣಾ, ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಇದ್ದೇವೆ. ಕಾಲೇಜಿಗೆ ಹೋಗುವ ಮಗ ಹಳೆ ಟೊಯೊಟಾ ಪಿಕಪ್ ತಂದು ಗ್ಯಾರೇಜಿನಲ್ಲಿ ತಗ್ಗಿಸುತ್ತಿದ್ದಾನೆ. ರಾತ್ರಿಯೆಲ್ಲಾ ವೆಲ್ಡಿಂಗ್. ನನಗೆ ಹೆದರಿಕೆ. ಇದು ಕಾನೂನಿಗೆ ವಿರುದ್ಧ ಅಲ್ವಾ? ಹೇಗೆ ತಡೆಯಲಿ?

ಉತ್ತರ: ತಡೆಯಬೇಡಿ ತಾಯಿ. ಕೈಯಿಂದ ಕೆಲಸ ಕಲಿಯುವ ಮಗ ಸಿಗೋದು ಪುಣ್ಯ. ಆದರೆ ನಿಮ್ಮ ಹೆದರಿಕೆಯಲ್ಲಿ ಅರ್ಧ ನ್ಯಾಯ ಇದೆ.

ಕಾನೂನಿನ ಮಾತು ಮೊದಲು. ಗಾಡಿಯ ಯಾವ ಭಾಗವೂ ರಿಮ್ಮಿನ ತಳಕ್ಕಿಂತ ಕೆಳಗೆ ಇರಬಾರದು ಅಂತ 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಕಾನೂನು ತಂದಿತ್ತು. ಅದರ ಪೆಟ್ಟು ಬಿದ್ದದ್ದು ಹೆಚ್ಚಾಗಿ ಮೆಕ್ಸಿಕನ್ ಮೂಲದ ಲೋರೈಡರ್ (ತಗ್ಗಿಸಿದ ಕಾರು ಓಡಿಸುವ) ಹುಡುಗರಿಗೆ. 1959ರಲ್ಲಿ ರಾನ್ ಅಗೀರೆ ಅನ್ನುವವರು ತಮ್ಮ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪು ಜೋಡಿಸಿ, ಬೇಕಾದಾಗ ಕಾರನ್ನು ಮೇಲೆತ್ತುವ ದಾರಿ ಕಂಡುಕೊಂಡರು. ಇವತ್ತು ನಿಮ್ಮ ಮಗ ಹಾಕುತ್ತಿರುವ ಏರ್ ಬ್ಯಾಗಿನ ಹಿಂದೆ ಇರುವುದೂ ಅದೇ ಯೋಚನೆ. ಆ ಹಳೆ ನಿಷೇಧವನ್ನು ರಾಜ್ಯ ತೆಗೆದುಹಾಕಿದೆ, 2024ರ ಜನವರಿ 1ರಿಂದ ಅದು ಇಲ್ಲ. ಆದರೆ ಹೆಡ್‌ಲೈಟು ನೆಲದಿಂದ 22 ಇಂಚಿಗಿಂತ ಕೆಳಗೆ ಇಳಿಯಬಾರದು ಅನ್ನುವ ನಿಯಮ ಹಾಗೇ ಇದೆ. ಓಡಿಸುವ ಎತ್ತರದಲ್ಲಿ ಟೇಪು ಹಿಡಿದು ನೋಡಲಿ. ರಿಮ್ಮಿನ ಗೆರೆಯ ನಿಯಮವನ್ನು ಸರ್ಕಾರ ಕೈಬಿಟ್ಟರೂ ಅವನು ಬಿಡೋದು ಬೇಡ. ಕಾರಣ ಮೇಲೆ ಬರೆದಿದ್ದೇನೆ.

ನೀವು ಅಮ್ಮನಾಗಿ ಹಟ ಹಿಡಿಯಬೇಕಾದ ವಿಷಯಗಳು ಬೇರೆ. ವೆಲ್ಡಿಂಗ್ ಮಾಡುವಾಗ ಪೆಟ್ರೋಲ್ ಟ್ಯಾಂಕ್ ಗಾಡಿಯಲ್ಲಿ ಇರಕೂಡದು, ಗ್ಯಾರೇಜಿನಲ್ಲೂ ಇರಕೂಡದು. ಬ್ಯಾಟರಿ ತಂತಿ ಬಿಚ್ಚಿರಬೇಕು. ಬ್ರೇಕ್ ಕ್ಲೀನರ್ ಡಬ್ಬಿ ಕಂಡರೆ ಮೇಲಿನ ಚೀಟಿ ಓದಿ. ಕ್ಲೋರಿನ್ ಇರುವ ನಮೂನೆಯದನ್ನು ಕಬ್ಬಿಣಕ್ಕೆ ಹೊಡೆದು ಅದರ ಮೇಲೆ ವೆಲ್ಡ್ ಮಾಡಿದರೆ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ. ಸ್ವಲ್ಪ ಉಸಿರಾಡಿದರೂ ಪ್ರಾಣಕ್ಕೆ ಕುತ್ತು. ಆ ಡಬ್ಬಿಯನ್ನು ಮನೆಯಿಂದಲೇ ಆಚೆ ಹಾಕಿ. ಸತುವಿನ ಲೇಪ ಇರುವ ಪೈಪಾದರೆ ಲೇಪವನ್ನು ಉಜ್ಜಿ ತೆಗೆಯಲಿ, ಆ ಹೊಗೆ ಜ್ವರ ತರಿಸುತ್ತದೆ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ, ಗಾಳಿ ತುಂಬಿದ ಬ್ಯಾಗಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಕೂಡದು. ಸ್ಟ್ಯಾಂಡ್ ಇರಲೇಬೇಕು.

ಕೆಲಸ ನಿಲ್ಲಿಸಿದ ಮೇಲೆ ಒಂದು ಗಂಟೆ ಗ್ಯಾರೇಜಿನಲ್ಲಿ ಯಾರಾದರೂ ಎಚ್ಚರ ಇರಬೇಕು. ಕಿಡಿ ಎಲ್ಲೋ ಬಟ್ಟೆ ಚೂರಿನಲ್ಲಿ ಕೂತು ನಿಧಾನಕ್ಕೆ ಹೊತ್ತಿಕೊಳ್ಳುತ್ತದೆ. ರಾತ್ರಿ ಹನ್ನೊಂದರ ಮೇಲೆ ವೆಲ್ಡಿಂಗ್ ಬೇಡ ಅಂತ ನೀವು ಹೇಳಿದರೆ ನಾನು ನಿಮ್ಮ ಕಡೆ.

ಪ್ರಶ್ನೆ: ಕೋಲಾರದಿಂದ. ಬೊಲೆರೊ ಪಿಕಪ್‌ನಲ್ಲಿ ಟೊಮೆಟೊ ಮಾರುಕಟ್ಟೆಗೆ ಒಯ್ಯುತ್ತೇನೆ. ಕ್ರೇಟು ಹತ್ತಿಸಿ ಹತ್ತಿಸಿ ಸೊಂಟ ಬಿದ್ದುಹೋಗಿದೆ. ಹಿಂದಿನ ಚಾಸಿಸ್ ಕತ್ತರಿಸಿ ಅರ್ಧ ಅಡಿ ತಗ್ಗಿಸಿಕೊಡ್ತೀವಿ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ. ಮಾಡಿಸಲಾ?

ಉತ್ತರ: ಮಾಡಿಸಬೇಡಿ. ಮೇಲಿನ ಗಾಡಿಗಳು ಭಾರ ಹೊರುವುದನ್ನು ಬಿಟ್ಟ ಗಾಡಿಗಳು. ನಿಮ್ಮದು ದುಡಿಯುವ ಗಾಡಿ. ಚಾಸಿಸ್ ಕತ್ತರಿಸಿ ಕಮಾನು ಮಾಡಿದ ಜಾಗದ ಮೇಲೆಯೇ ನಿಮ್ಮ ಕ್ರೇಟುಗಳ ಭಾರ ಬೀಳುತ್ತದೆ.

ನಮ್ಮಲ್ಲಿ ಇದು ಅಪರಾಧವೂ ಹೌದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರ ಕಂಪನಿಯ ಮೂಲ ವಿನ್ಯಾಸಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಡಕ್ಕಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತ ಆದರೆ ಇನ್ಶೂರೆನ್ಸಿನವರು ಮೊದಲು ಹುಡುಕುವುದು ಇಂಥದ್ದನ್ನೇ.

ಸೊಂಟಕ್ಕೆ ಬೇರೆ ದಾರಿ ಇದೆ. ತೋಟದಲ್ಲಿ ಗಾಡಿ ನಿಲ್ಲುವ ಜಾಗದ ಪಕ್ಕ ಬೆಡ್ಡಿನ ಎತ್ತರಕ್ಕೆ ಸರಿಯಾಗಿ ಕಲ್ಲು ಮಣ್ಣಿನ ಕಟ್ಟೆ ಕಟ್ಟಿಸಿ, ಒಂದು ಕಡೆ ಇಳಿಜಾರು ಇರಲಿ. ಕೈಗಾಡಿಯಲ್ಲಿ ಕ್ರೇಟು ತಂದು ನೇರ ಒಳಗೆ ತಳ್ಳಬಹುದು. ಜಾಗ ಇಲ್ಲದಿದ್ದರೆ ಗಾಡಿ ನಿಲ್ಲುವ ಕಡೆಯೇ ಹಿಂದಿನ ಚಕ್ರ ಇಳಿಯುವಷ್ಟು ತಗ್ಗು ಮಾಡಿಸಿ.

ಪ್ರಶ್ನೆ: ನ್ಯೂಜೆರ್ಸಿಯಿಂದ. ಗುಜರಿಯಲ್ಲಿ ಒಂದು ಖಾಲಿ ಫ್ರೇಮ್ ಕಡಿಮೆ ಬೆಲೆಗೆ ಸಿಗುತ್ತಿದೆ. ಅದರ ಮೇಲಿನ ನಂಬರನ್ನು ಗ್ರೈಂಡರ್‌ನಲ್ಲಿ ತೆಗೆದು ನನ್ನ ಪಿಕಪ್‌ಗೆ ಹಾಕಬಹುದಾ?

ಉತ್ತರ: ನಂಬರಿಗೆ ಗ್ರೈಂಡರ್ ಮುಟ್ಟಿಸಬೇಡಿ. ಗಾಡಿಯ ಗುರುತಿನ ನಂಬರನ್ನು ಗೊತ್ತಿದ್ದೂ ಅಳಿಸುವುದು ಅಥವಾ ತಿದ್ದುವುದು ಅಮೆರಿಕದ ಫೆಡರಲ್ ಕಾನೂನಿನಲ್ಲೇ ಅಪರಾಧ, ನಿಮ್ಮ ರಾಜ್ಯದ ಕಾನೂನು ಬೇರೆ ಇದೆ. ಫ್ರೇಮ್ ಬದಲಿಸಿದ ಗಾಡಿಗೆ ಕಾಗದಪತ್ರ ಹೇಗೆ ಮಾಡಿಸಬೇಕು ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ದುಡ್ಡು ಕೊಡುವ ಮುಂಚೆ ಮೋಟಾರು ವಾಹನ ಕಚೇರಿಗೆ ಹೋಗಿ ಎರಡೂ ನಂಬರು ತೋರಿಸಿ ಕೇಳಿ. ಮಾರುವವರಿಂದ ನಂಬರ್ ಸಮೇತ ರಸೀದಿ ಬರೆಸಿಕೊಳ್ಳಿ. ರಸೀದಿ ಕೊಡಲ್ಲ ಅಂದರೆ ಆ ಫ್ರೇಮ್ ಅಲ್ಲೇ ಬಿಟ್ಟು ಬನ್ನಿ.